ವಿನ್ಸ್‌ಡೇಲಿನ ಬದಲಿ ಡಚೆಸ್

ಸಿರಿಲ್ ಕ್ರ್ಯಾಬ್‌ಟ್ರೀ ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಡಚೆಸ್ ಆದ. ಹುಟ್ಟಿನಿಂದಲ್ಲ, ಮದುವೆಯಿಂದಲೂ ಅಲ್ಲ, ಎತ್ತರದಿಂದ.

ನಿಜವಾದ ಡಚೆಸ್, ಅಂದರೆ ರಾಜಮನೆತನದ ಹಿರಿಯ ತಲೆಗಳಲ್ಲಿ ಒಬ್ಬರಾದ ಲಾರ್ನ್‌ಮೋರ್ ಡಚೆಸ್, ಬಹಳ ಗಿಡ್ಡ. ವಿನ್ಸ್‌ಡೇಲಿನ ಗಂಡಸರ ಪೈಕಿ ಅಷ್ಟು ಗಿಡ್ಡಗಿದ್ದವನು ಸಿರಿಲ್ ಒಬ್ಬನೇ. (ಹೆಂಗಸರಲ್ಲಿ ಯಾರೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು. ಆದರೆ ಅವರೆಲ್ಲ ಡಚೆಸ್ ಕೈಕುಲುಕುವ ಸಾಲಿನಲ್ಲಿ ಆಗಲೇ ಜಾಗ ಹಿಡಿದಿದ್ದರು. ಆ ಜಾಗ ಬಿಟ್ಟುಕೊಟ್ಟು ತಾವೇ ಡಚೆಸ್ ಆಗಲು ಒಬ್ಬಳೂ ಒಪ್ಪಲಿಲ್ಲ.)

ರಾಜಮನೆತನದವರು ಎಲ್ಲಿಗಾದರೂ ಬರುವ ಮೊದಲು ಆ ಜಾಗದಲ್ಲಿ ತಾಲೀಮು ನಡೆಯಬೇಕು. ಕಾರು ಎಲ್ಲಿ ನಿಲ್ಲಬೇಕು, ಬಾಗಿಲು ಯಾರು ತೆಗೆಯಬೇಕು, ಯಾರು ಮೊದಲು ಮಂಡಿ ಬಗ್ಗಿಸಬೇಕು, ಚಹಾ ಯಾವ ಮೂಲೆಯಲ್ಲಿ, ಎಲ್ಲವನ್ನೂ ನಡೆದು ನೋಡಬೇಕು. ನಡೆಯುವುದಕ್ಕೆ ಒಬ್ಬ ಬದಲಿ ಬೇಕು. ಕೌಂಟಿ ಕಚೇರಿಯಿಂದ ಬಂದಿದ್ದ ಮೇಜರ್ ಫೆಂಟನ್ ಡಚೆಸ್ ಅನಾವರಣ ಮಾಡಲಿದ್ದ, ಚಾಪೆಲ್ ಗೋಡೆಯ ಮೇಲಿನ ಹಿತ್ತಾಳೆ ಫಲಕವನ್ನೂ ಅದರ ಮುಂದೆ ನೇತಾಡಲಿರುವ ಹಗ್ಗದ ಎತ್ತರವನ್ನೂ ನೋಡಿದರು. ಆಮೇಲೆ ಊರಿನವರನ್ನು ಕುದುರೆ ಕೊಳ್ಳುವವರ ಹಾಗೆ ಅಳೆದು ಸಿರಿಲ್‌ನ ಮೇಲೆ ಕಣ್ಣಿಟ್ಟರು.

“ನೀವು. ಮುಂದೆ ಬನ್ನಿ. ಈ ಕ್ಷಣದಿಂದ ನೀವು ಮಹಾಮಾನ್ಯರು.”

“ನಾನಾ? ನಾನು ನಲ್ಲಿ ರಿಪೇರಿಯವನು ಸ್ವಾಮಿ.”

“ಅದು ಇಲ್ಲೀವರೆಗೆ.”

“ನಲ್ಲಿ ರಿಪೇರಿಯವನು ಅನ್ನೋದು ಊರಿಗೆ,” ಎಂದಳು ಹಿಂದಿನಿಂದ ಅವನ ಹೆಂಡತಿ ಬೆರಿಲ್. “ನಮ್ಮ ಅಡುಗೆಮನೆ ನಲ್ಲಿ ಸೋರೋಕೆ ಶುರುವಾಗಿ ಎಷ್ಟು ವರ್ಷ ಆಯ್ತು ಕೇಳಿ ಮೇಜರ್ ಸಾಹೇಬ್ರೇ.”

ಮೇಜರ್ ಕೇಳಲಿಲ್ಲ. ಡಚೆಸ್ ಎಡಗೈಯಲ್ಲಿ ಕೈಚೀಲ ಹಿಡಿಯುತ್ತಾರೆ, ಬದಲಿಗೂ ಒಂದು ಬೇಕು ಎಂದರು. ಊರಿನ ಹೆಂಗಸರೆಲ್ಲ ತಂತಮ್ಮ ಚೀಲವನ್ನು ಎದೆಗವಚಿಕೊಂಡರು. ಕೊನೆಗೆ ಬೆರಿಲ್ ತನ್ನದನ್ನು ಗಂಡನ ಮೊಣಕೈಗೆ ಸಿಕ್ಕಿಸಿ, “ಒಳಗೆ ಕೈ ಹಾಕಿದ್ರೆ ನೋಡು” ಎಂದಳು. ಹೀಗೆ ಪಟ್ಟಾಭಿಷೇಕ ಮುಗಿಯಿತು.

ಆದರೆ ಇದರಲ್ಲಿ ಸಿರಿಲ್‌ಗೆ ತಮಾಷೆಯಲ್ಲದ ಒಂದು ಸಂಗತಿ ಇತ್ತು. ಆ ಫಲಕದ ಮೇಲೆ ಇದ್ದದ್ದು ವಿಲ್ಫ್ರೆಡ್ ಓಗ್ಡನ್ ಹೆಸರು.

ವಿಲ್ಫ್ ಮತ್ತು ಸಿರಿಲ್ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು. ವಿಲ್ಫ್ ಆಮೇಲೆ ಬಸ್ ಓಡಿಸಿದ, ನಿವೃತ್ತನಾದ ಮೇಲೆ ಕೋಲು ಮಾಡಿದ. ಆ ಕಣಿವೆಗಳಲ್ಲಿ ಅದೊಂದು ಹಳೆಯ ಕಸುಬು: ಕಾಡುಮರದ ನೆಟ್ಟನೆಯ ಕೊಂಬೆ ತಂದು ಒಣಗಿಸಿ, ಟಗರಿನ ಕೊಂಬನ್ನು ಕಾಯಿಸಿ ಬಗ್ಗಿಸಿ ಹಿಡಿ ಮಾಡಿ, ಅದರ ತುದಿಯಲ್ಲಿ ಮೀನನ್ನೋ ನಾಯಿಯ ಮೂತಿಯನ್ನೋ ಕೆತ್ತುವುದು. ಯಾರದೋ ಸೊಂಟ ಮುರಿಯಿತೆಂದು ಒಂದು ಕೋಲು ಎರವಲು ಕೊಟ್ಟ. ಅದರ ಬೆನ್ನಿಗೆ ಒಂದು ಗಾಲಿಕುರ್ಚಿ ಬಂತು, ರಿಪೇರಿಯಾಯಿತು, ಇನ್ನೊಬ್ಬರಿಗೆ ಹೋಯಿತು. ಹಾಗೇ ಬೆಳೆದು, ಪ್ರಾರ್ಥನೆ ನಿಂತುಹೋಗಿದ್ದ ಬೆಟ್ಟದ ಮೇಲಿನ ಚಾಪೆಲ್ ಪೂರ್ತಿ ಊರಿನ ‘ಎರವಲು ಮನೆ’ಯಾಯಿತು. ಗೋಡೆಯುದ್ದಕ್ಕೂ ಕೊಕ್ಕೆ, ಕೊಕ್ಕೆಗೊಂದು ಕೋಲು. ನೆಲದ ಮೇಲೆ ಗಾಲಿಕುರ್ಚಿ, ನಡೆಯುವ ಚೌಕಟ್ಟು, ರಾತ್ರಿ ಏಳಲಾಗದವರಿಗೆ ಪಾಯಖಾನೆಯ ಕುರ್ಚಿ. ವಿಲ್ಫ್‌ನ ಕಾನೂನು ಒಂದೇ: ಕೊಕ್ಕೆಯಲ್ಲಿ ನೇತಾಡುವುದನ್ನು ಕೇಳಿದವರಿಗೆ ಇಲ್ಲ ಅನ್ನಬಾರದು, ಒಯ್ಯುವವರ ಹೆಸರಿನ ಚೀಟಿಯನ್ನು ಅದಕ್ಕೆ ಕಟ್ಟದೆ ಕಳಿಸಬಾರದು. “ದೊರೆಯೇ ಬರಲಿ, ಚೀಟಿ ಕಟ್ಟು” ಎನ್ನುತ್ತಿದ್ದ.

ಇಂಥ ಎರವಲು ಮನೆಗಳಿಗೆಲ್ಲ ದೇಶದಲ್ಲಿ ಪೋಷಕಿ ಆ ಡಚೆಸ್. ರಾಜಮನೆತನದ ಕಿರಿಯರು ಪತ್ರಿಕೆಯ ಮೊದಲ ಪುಟಕ್ಕೆ ಹೋದರೆ, ಹಿರಿಯರು ಮಳೆಯಲ್ಲಿ ನೆನೆದು ಕಿವುಡರ ಶಾಲೆಗೆ, ದೋಣಿಯವರ ಕೊಟ್ಟಿಗೆಗೆ, ಮುದಿ ಕತ್ತೆಗಳ ಆಶ್ರಮಕ್ಕೆ ಹೋಗುತ್ತಾರೆ. ಈ ಡಚೆಸ್ ಎಂಬತ್ತಾರರಲ್ಲೂ ಹೋಗುತ್ತಿದ್ದರು. ಒಂದಲ್ಲ ಒಂದು ದಿನ ಇಲ್ಲಿಗೂ ಬಂದೇ ಬರುತ್ತಾರೆ ಎಂದು ವಿಲ್ಫ್ ಕಾದ. ಅವರು ಬರುತ್ತೇವೆ ಎಂದಾಗ ವಿಲ್ಫ್ ಇರಲಿಲ್ಲ. ಚಳಿಗಾಲದ ಕೊನೆಯಲ್ಲಿ ಹೋಗಿಬಿಟ್ಟಿದ್ದ.

ಮಣ್ಣು ಮಾಡಿದ ದಿನ ಸಿರಿಲ್ ನಾಲ್ಕು ಮಾತಾಡಬೇಕಿತ್ತು. ಎದ್ದು ನಿಂತ. ಸ್ನೇಹಿತನ ಹೆಸರು ಗಂಟಲಿಗೆ ಬಂತು, ಅಲ್ಲೇ ಕೂತಿತು. ಸಿರಿಲ್ ಕೂಡ ಕೂತ. ಅಂದಿನಿಂದ ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ, ‘ಅವನು’ ಎನ್ನುತ್ತಿದ್ದ. ಬೆರಿಲ್‌ಗೆ ಅರ್ಥವಾಗುತ್ತಿತ್ತು. ಈಗ ಅವನಿಗೆ ಬೇಕಾಗಿದ್ದುದು ಒಂದೇ: ಒಂದು ದೊಡ್ಡ ಬಾಯಿ, ಊರೆಲ್ಲ ಕೇಳುವ ಹಾಗೆ, ವಿಲ್ಫ್‌ನ ಹೆಂಡತಿ ಹಿಲ್ಡಾ ಕೇಳುವ ಹಾಗೆ, ಆ ಹೆಸರನ್ನು ನೆಟ್ಟಗೆ ಹೇಳಬೇಕು. ತನ್ನ ಕೈಲಾಗದ್ದನ್ನು ರಾಜಮನೆತನ ಮಾಡಲಿ. ಆ ದಿನ ಒಂದು ಕೂದಲಷ್ಟೂ ತಪ್ಪು ನಡೆಯಬಾರದು.

ತಪ್ಪು ನಡೆಯಬಾರದು ಎಂದು ಅವನು ಎಷ್ಟು ಹಚ್ಚಿಕೊಂಡನೆಂದರೆ, ಮೇಜರ್ ಹೊರಟುಹೋದ ಮೇಲೂ ಊರಿನವರನ್ನು ಸೇರಿಸಿ ತಾಲೀಮು ನಡೆಸಿದ. ಮನೆಯಲ್ಲೂ ನಡೆಸಿದ.

ಒಂದು ಬೆಳಿಗ್ಗೆ ಬೆರಿಲ್ ತಟ್ಟೆಯಲ್ಲಿ ಹುರಿದ ಮೊಟ್ಟೆ ತಂದಿಟ್ಟಳು. ಸಿರಿಲ್ ತಲೆಯನ್ನು ಸ್ವಲ್ಪ ವಾಲಿಸಿ, ಮುಗುಳ್ನಗುತ್ತ, “ತುಂಬಾ ದೂರದಿಂದ ಬಂದ್ರಾ?” ಎಂದ.

“ಅಡುಗೆಮನೆಯಿಂದ.”

“ಓಹೋ, ಎಷ್ಟು ಚೆನ್ನಾಗಿದೆ. ಅಲ್ಲಿ ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದೀರಿ?”

“ನಲವತ್ತೆಂಟು. ಸಂಬಳ ಇಲ್ಲ, ರಜ ಇಲ್ಲ, ನಲ್ಲಿ ಸೋರುತ್ತೆ. ಮಹಾಮಾನ್ಯರು ಏನಾದ್ರೂ ಮಾಡ್ತಾರೋ, ಮೊಟ್ಟೆ ತಿಂದು ಎದ್ದುಹೋಗ್ತಾರೋ?”

ಮಹಾಮಾನ್ಯರು ಮೊಟ್ಟೆ ತಿಂದು ಎದ್ದುಹೋದರು.

ಪರದೆಯ ವಿಷಯದಲ್ಲಿ ಮಾತ್ರ ಜಗಳ ಗಂಭೀರವಾಯಿತು. ಫಲಕದ ಮುಂದೆ ಎಳೆಯಲು ಒಂದು ಒಳ್ಳೆಯ ಪರದೆ ಬೇಕಿತ್ತು. ಬೆರಿಲ್ ಅಕ್ಕನ ಮನೆಗೆ ಹೋಗಿಬರುವಷ್ಟರಲ್ಲಿ ಊಟದ ಕೋಣೆಯ ದ್ರಾಕ್ಷಿ ಬಣ್ಣದ ಮಖಮಲ್ ಪರದೆ ಎರಡೂವರೆ ಅಡಿ ಕಡಿಮೆಯಾಗಿತ್ತು.

“ಕತ್ತರಿಸಿದ್ಯಾ! ನಮ್ಮಮ್ಮ ಕೊಟ್ಟ ಪರದೇನ ಕತ್ತರಿಸಿದ್ಯಾ!”

“ಕೆಳಗಡೆ ಮಾತ್ರ ಕಣೇ. ಮೇಲ್ಗಡೆ ಹಾಗೇ ಇದೆ.”

“ಪರದೆ ಅನ್ನೋದಕ್ಕೆ ಕೆಳಗಡೇನೇ ಬೇಕಾಗಿರೋದು! ಎದುರುಮನೆ ಮಾರ್ಜರಿಗೆ ಇನ್ಮೇಲೆ ನಮ್ಮ ಕಾಲೆಲ್ಲ ಕಾಣುತ್ತೆ.”

“ಅವನ ಫಲಕಕ್ಕೆ ಬೇಕಿತ್ತು ಬೆರಿಲ್,” ಎಂದ ಸಿರಿಲ್.

ಬೆರಿಲ್ ಹೊಲಿಗೆಯ ಡಬ್ಬಿ ತಂದು, “ಅಂಚು ಹೊಲೀದೆ ಹಾಗೇ ನೇತುಹಾಕ್ಬೇಡ. ದಾರ ಜೋಲಾಡ್ತಿದ್ರೆ ಹಿಲ್ಡಾಗೆ ಬೇಜಾರಾಗುತ್ತೆ” ಎಂದಷ್ಟೇ ಅಂದಳು.

ಇನ್ನೊಂದು ತೊಡಕು ಕೋಲಿನದು. ಸಿರಿಲ್‌ನ ಮಂಡಿ ಸವೆದಿತ್ತು, ಕೋಲಿಲ್ಲದೆ ನಡೆಯಲಾರ. ಆ ಕೋಲು ವಿಲ್ಫ್ ಅವನಿಗಾಗಿಯೇ ಮಾಡಿದ್ದು. ವಿಲ್ಫ್ ಮಾಡಿದ ಕೊನೆಯ ಕೋಲೂ ಅದೇ. ಹಿಡಿಯ ತುದಿಯಲ್ಲಿ ಮೀನಲ್ಲ, ನಾಯಿಯಲ್ಲ, ಒಂದು ಪುಟ್ಟ ನಲ್ಲಿ ಕೆತ್ತಿದ್ದ. ನಲ್ಲಿಯ ಬಾಯಲ್ಲಿ ಇನ್ನೇನು ಬೀಳುವಂತಿರುವ ಒಂದು ಹನಿ. “ನಿನ್ನ ಹೆಂಡತಿ ಪರವಾಗಿ” ಎಂದು ನಕ್ಕು ಕೊಟ್ಟಿದ್ದ. ಈಗ ಬದಲಿ ಡಚೆಸ್‌ಗೆ ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಕೋಲು. ಹಗ್ಗ ಎಳೆಯುವುದು ಯಾವ ಕೈಯಲ್ಲಿ?

“ಡಚೆಸ್ ಕೋಲು ಹಿಡಿಯೋದಿಲ್ಲ,” ಎಂದರು ಮೇಜರ್ ಎರಡನೆಯ ಭೇಟಿಯಲ್ಲಿ. “ಮಂಡಿ ನೋವಿದೆ, ಆದ್ರೂ ಹಿಡಿಯೋದಿಲ್ಲ. ಜನದ ಮುಂದೆ ಯಾವತ್ತೂ ಹಿಡಿದಿಲ್ಲ.”

“ಅವರು ಹಿಡೀದೆ ಇರ್ಲಿ ಸ್ವಾಮಿ. ನಾನು ಬಿದ್ರೆ?”

ಹಾಗಾಗಿ ಸಿರಿಲ್ ಫಲಕದ ಪಕ್ಕದಲ್ಲೇ ಒಂದು ಕೊಕ್ಕೆ ಹೊಡೆದ. ನಡೆದು ಬರುವುದು, ಕೋಲನ್ನು ಕೊಕ್ಕೆಗೆ ಸಿಕ್ಕಿಸುವುದು, ಮಾತು ಹೇಳುವುದು, ಹಗ್ಗ ಎಳೆಯುವುದು. ತಾಲೀಮು ಮುಗಿದ ಮೇಲೆ ಆ ಕೊಕ್ಕೆ ಕೀಳಬೇಕೆಂದು ಮೇಜರ್ ಅಪ್ಪಣೆ ಮಾಡಿದರು. ಕೀಳುವುದು ಮರೆತೇಹೋಯಿತು.

“ಸರಿ, ಶುರು ಮಾಡೋಣ,” ಎಂದು ಮೇಜರ್ ಸೆಟೆದು ನಿಂತು ದನಿ ಎತ್ತಿದರು: “ಮಹಾಮಾನ್ಯರು ದಯಮಾಡಿ ಫಲಕವನ್ನು ಅನಾವರಣಗೊಳಿಸಬೇಕೆಂದು ವಿನಂತಿ!”

ಸಾಲಿನವರೆಲ್ಲ ಮಂಡಿ ಬಗ್ಗಿಸಿದರು. ಸಿರಿಲ್ ಗಂಭೀರವಾಗಿ ನಡೆದುಬಂದು ಕೋಲು ಸಿಕ್ಕಿಸಿ ಹೇಳಿದ: “ಇಂಥವರ ನೆನಪಿಗೆ ಇಟ್ಟಿರುವ ಈ ಫಲಕವನ್ನು ಅನಾವರಣ ಮಾಡಲು ನನಗೆ ತುಂಬಾ ಸಂತೋಷವಾಗುತ್ತದೆ.”

“ಹೆಸರು, ಮಿಸ್ಟರ್ ಕ್ರ್ಯಾಬ್‌ಟ್ರೀ, ಹೆಸರು. ‘ಇಂಥವರ’ ಅಂದ್ರೆ ಹೇಗೆ?”

“ಅದನ್ನ ಅವರು ಬಂದಾಗ ಹೇಳ್ತಾರಲ್ಲ ಸ್ವಾಮಿ,” ಎಂದು ಸಿರಿಲ್ ಕೆಮ್ಮಿದ. ಪ್ರತಿ ಸಲ ಕೆಮ್ಮಿದ. ಹಿಲ್ಡಾ ತನ್ನ ಕೈಗವಸಿನ ಬೆರಳುಗಳನ್ನು ಎಳೆಯುತ್ತ ನೆಲ ನೋಡುತ್ತಿದ್ದಳು. ಮೇಜರ್ ಕೂಡ ಮೂರನೆಯ ಸಲದ ಮೇಲೆ ಒತ್ತಾಯಿಸಲಿಲ್ಲ.

ಭೇಟಿಯ ದಿನ ಬಂತು. ಚಾಪೆಲ್ ನೆಲ ಹೊಳೆಯುತ್ತಿತ್ತು. ಪಾಯಖಾನೆ ಕುರ್ಚಿಗಳನ್ನು ರಾಜದೃಷ್ಟಿಗೆ ಬೀಳದಿರಲೆಂದು ಬಿಳಿ ಹಾಸಿಗೆ ಹೊದಿಕೆಗಳಿಂದ ಮುಚ್ಚಿದ್ದರು. ಮೂಲೆಯಲ್ಲಿ ಭೂತಗಳ ಸಭೆ ಸೇರಿದಂತೆ ಕಾಣುತ್ತಿತ್ತು. ಹೆಂಗಸರು ಹ್ಯಾಟು ಹಾಕಿದ್ದರು, ಗಂಡಸರು ಮದುವೆಗಳಿಗೂ ಮಣ್ಣಿಗೂ ಇಟ್ಟುಕೊಂಡ ಒಂದೇ ಸೂಟು ತೊಟ್ಟಿದ್ದರು. ಮೇಜರ್ ಸಿರಿಲ್‌ನ ಭುಜ ಹಿಡಿದು ಸಾಲಿನ ಕೊನೆಗೆ, ಫಲಕದ ಹತ್ತಿರಕ್ಕೆ, ತಳ್ಳಿದರು.

“ಇವತ್ತು ನೀವು ಬರೀ ಸಿರಿಲ್. ಸುಮ್ಮನೆ ನಿಂತಿರಿ. ಅಷ್ಟೇ.”

“ಅಷ್ಟೇ ಸ್ವಾಮಿ,” ಎಂದ ಸಿರಿಲ್. ಪದವಿ ಕಳೆದುಕೊಂಡ ಸಣ್ಣ ನೋವೊಂದು ಅವನ ದನಿಯಲ್ಲಿತ್ತು.

ಕಾರು ಬಂತು. ಇಳಿದವರು ಕಡಲ ನೀಲಿ ಕೋಟಿನ, ಬೆಳ್ಳಿಕೂದಲಿನ, ನಿಜಕ್ಕೂ ತೀರ ಗಿಡ್ಡನೆಯ ಒಬ್ಬ ಅಜ್ಜಿ. ಮೆಟ್ಟಿಲು ಹತ್ತುವಾಗ ಬಲ ಮಂಡಿಯನ್ನು ಉಳಿಸಿಕೊಂಡು ಹತ್ತಿದರು. ಅದು ಸಿರಿಲ್‌ಗೆ ಮಾತ್ರ ಗೊತ್ತಾಯಿತು. ಮಂಡಿ ನೋವಿನವರ ಕುಲವೇ ಬೇರೆ, ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಅವರು ಸಾಲಿನಲ್ಲಿ ಒಬ್ಬೊಬ್ಬರ ಮುಂದೂ ನಿಂತು, ಉತ್ತರ ಬೇಕೆಂದೇ ಕೇಳುವವರ ಹಾಗೆ ಕೇಳುತ್ತಿದ್ದರು, ಉತ್ತರ ಮುಗಿಯುವವರೆಗೆ ನಿಲ್ಲುತ್ತಿದ್ದರು. ಮೇಜರ್ ಗಡಿಯಾರ ನೋಡಿಕೊಂಡು ಒದ್ದಾಡಿದರು. ಮೂಲೆಯ ಭೂತಗಳನ್ನು ಕಂಡು ಡಚೆಸ್ ತಾವೇ ಹೋಗಿ ಒಂದು ಹೊದಿಕೆ ಎತ್ತಿ, “ಇದಕ್ಕೆ ಯಾಕೆ ನಾಚಿಕೆ? ನನ್ನ ವಯಸ್ಸಿಗೆ ಸಿಂಹಾಸನಕ್ಕಿಂತ ಇದೇ ಮೇಲು” ಎಂದರು. ಊರು ನಕ್ಕಿತು. ಸಿರಿಲ್‌ನ ಎದೆ ಉಬ್ಬಿತು. ಆಹಾ, ಎಲ್ಲವೂ ಸರಿಯಾಗಿ ನಡೆಯುತ್ತಿದೆ.

ಅಷ್ಟರಲ್ಲಿ ಮೂರು ಸಂಗತಿಗಳು ಒಂದರ ಬೆನ್ನಿಗೊಂದು ನಡೆದವು.

ಮೊದಲನೆಯದು, ಕೇಕಿನ ಮೇಲೆ ನೊಣ ಕೂತದ್ದನ್ನು ಬೆರಿಲ್ ನೋಡಿದಳು. “ಇದನ್ನ ಒಂದು ನಿಮಿಷ ಹಿಡ್ಕೊ” ಎಂದು ಕೈಚೀಲವನ್ನು ಗಂಡನ ಎಡಗೈಗೆ ಸಿಕ್ಕಿಸಿ ಓಡಿದಳು. ಎರಡನೆಯದು, ಡಚೆಸ್ ಹಿಲ್ಡಾಳ ಮುಂದೆ ನಿಂತರು, ಅವಳ ಕೈ ಹಿಡಿದರು, ಅವಳು ಏನೋ ಪಿಸುಗುಟ್ಟಿದಳು, ಇಬ್ಬರೂ ಬಗ್ಗಿ ಮಾತಿನಲ್ಲಿ ಮುಳುಗಿದರು. ಮೂರನೆಯದು, ಹೊತ್ತು ಮೀರುತ್ತಿದೆ ಎಂದು ಮೇಜರ್ ಸೆಟೆದು ನಿಂತು ದನಿ ಎತ್ತಿದರು:

“ಮಹಾಮಾನ್ಯರು ದಯಮಾಡಿ ಫಲಕವನ್ನು ಅನಾವರಣಗೊಳಿಸಬೇಕೆಂದು ವಿನಂತಿ!”

ಡಚೆಸ್‌ಗೆ ಕೇಳಲಿಲ್ಲ. ಸಭೆ ಕಾಯಿತು. ಸಿರಿಲ್‌ನ ಕಾಲು ಹೊರಟಿತು.

ಅವನಾಗಿ ಹೊರಡಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಾಲು ಹೊರಟಿತು, ಅವನು ಅದರ ಹಿಂದೆ ಹೋದ, ಅಷ್ಟೇ. ಚೀಲ ಎಡಗೈಯಲ್ಲಿ, ತಲೆ ಸ್ವಲ್ಪ ವಾಲಿ, ಮುಖದಲ್ಲಿ ಆ ಮುಗುಳ್ನಗೆ. ಅವನೊಬ್ಬನೇ ತಪ್ಪಿತಸ್ಥನೂ ಅಲ್ಲ. ಅವನು ಫಲಕದತ್ತ ನಡೆಯುತ್ತಿದ್ದಂತೆ ಸಾಲಿನವರೆಲ್ಲ, ಎದುರುಮನೆ ಮಾರ್ಜರಿಯಿಂದ ಹಿಡಿದು ಪಾದ್ರಿಯವರ ತನಕ, ಗಾಳಿಗೆ ಬಾಗುವ ಜೋಳದ ಹಾಗೆ ಒಬ್ಬರಾದ ಮೇಲೊಬ್ಬರು ಮಂಡಿ ಬಗ್ಗಿಸಿದರು. ಮೇಜರ್ ಫೆಂಟನ್, ಮೂವತ್ತು ವರ್ಷ ಸೈನ್ಯದಲ್ಲಿದ್ದ ಮೇಜರ್ ಫೆಂಟನ್, ಹಿಮ್ಮಡಿ ಕೂಡಿಸಿ ತಲೆ ಬಾಗಿಸಿದರು. ತಾಲೀಮು ಎಂದರೆ ಅದು!

ಸಿರಿಲ್ ಕೋಲನ್ನು ಕೊಕ್ಕೆಗೆ ಸಿಕ್ಕಿಸಿದ. ಊರ ಕಡೆ ತಿರುಗಿದ. ಮಾತು ತಾನಾಗಿ ಬಂತು:

“ವಿಲ್ಫ್ರೆಡ್ ಓಗ್ಡನ್...”

ಅಲ್ಲಿ ನಿಂತ. ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅವನಿಗೇ ಆಶ್ಚರ್ಯವಾಗಿ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದ: “ವಿಲ್ಫ್ರೆಡ್ ಓಗ್ಡನ್. ನಮ್ಮ ವಿಲ್ಫ್. ಅವನ ನೆನಪಿಗೆ ಇಟ್ಟಿರುವ ಈ ಫಲಕವನ್ನು ಅನಾವರಣ ಮಾಡಲು ನನಗೆ ತುಂಬಾ ಸಂತೋಷವಾಗುತ್ತದೆ.”

ಹಗ್ಗ ಎಳೆದ. ದ್ರಾಕ್ಷಿ ಬಣ್ಣದ ಮಖಮಲ್ ಸರ್ರನೆ ಸರಿಯಿತು. ಹಿತ್ತಾಳೆಯ ಮೇಲೆ ವಿಲ್ಫ್‌ನ ಹೆಸರು ಹೊಳೆಯಿತು. ಅದರ ಕೆಳಗೆ, ಅಳಿಸಲಾಗದ ಕೆತ್ತನೆಯಲ್ಲಿ: ‘ಅನಾವರಣ ಮಾಡಿದವರು ಮಹಾಮಾನ್ಯ ಲಾರ್ನ್‌ಮೋರ್ ಡಚೆಸ್.’

ಸಿರಿಲ್ ಅದನ್ನು ಓದಿದ. ತನ್ನ ಕೈಯಲ್ಲಿದ್ದ ಹಗ್ಗ ನೋಡಿದ. ಕೈಚೀಲ ನೋಡಿದ. ಎದುರಿಗೆ ನಿಂತಿದ್ದ ನಿಜವಾದ ಡಚೆಸ್ ಅವರನ್ನು ನೋಡಿದ.

ಕೇಕಿನ ಮೇಜಿನಿಂದ ಬೆರಿಲ್‌ಳ ದನಿ ಸ್ಪಷ್ಟವಾಗಿ ಕೇಳಿಸಿತು: “ಅಯ್ಯೋ, ಕೆಡಿಸಿದ.”

ಮೇಜರ್ ಸುಣ್ಣದಂತೆ ಬಿಳಿಚಿಕೊಂಡಿದ್ದರು. ಸಿರಿಲ್‌ಗೆ ಭೂಮಿ ಬಾಯಿಬಿಡಲಿ ಎನಿಸಿತು. ಒಂದೇ ಒಂದು ದಿನ, ವಿಲ್ಫ್‌ನ ದಿನ. ಅದನ್ನು ಬೇರೆ ಯಾರೂ ಅಲ್ಲ, ತಾನೇ ಮಣ್ಣುಪಾಲು ಮಾಡಿದ್ದ.

ಚಪ್ಪಾಳೆ ಕೇಳಿಸಿತು. ಕೈಗವಸು ತೊಟ್ಟ ಎರಡು ಪುಟ್ಟ ಕೈಗಳ ಮೆತ್ತನೆಯ ಚಪ್ಪಾಳೆ. ಡಚೆಸ್ ಒಬ್ಬರೇ ತಟ್ಟುತ್ತಿದ್ದರು.

“ಅರವತ್ತು ವರ್ಷದಿಂದ ನಾನು ಪರದೆ ಎಳೀತಾ ಇದ್ದೀನಿ,” ಎಂದರು. “ಈ ಕಡೆ ನಿಂತವರಿಗೆ ಅದು ಹೇಗೆ ಕಾಣುತ್ತೆ ಅಂತ ಒಂದು ದಿನವೂ ನೋಡಿರ್ಲಿಲ್ಲ. ಬಹಳ ಚೆನ್ನಾಗಿರುತ್ತೆ! ನೀವು ಯಾರು?”

“ನಾನು... ಡಚೆಸ್, ಅಮ್ಮಾವ್ರೇ,” ಎಂದ ಸಿರಿಲ್. “ಅಲ್ಲ, ಅಲ್ಲ. ಸಿರಿಲ್. ನಲ್ಲಿ ರಿಪೇರಿ.”

“ಅವನು ವಿಲ್ಫ್‌ನ ಸ್ನೇಹಿತ,” ಎಂದಳು ಹಿಲ್ಡಾ. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. “ಅವನ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ದಿನ ಆಗಿತ್ತು, ಅಮ್ಮಾವ್ರೇ.”

ಡಚೆಸ್ ಒಮ್ಮೆ ಅವಳನ್ನು, ಒಮ್ಮೆ ಸಿರಿಲ್‌ನನ್ನು ನೋಡಿದರು. ಆಮೇಲೆ ಮುಂದೆ ಬಂದು ಫಲಕ ಓದಿದರು. “ಇದರ ಮೇಲೆ ನನ್ನ ಹೆಸರಿದೆ. ಹಿತ್ತಾಳೆ ಸುಳ್ಳು ಹೇಳೋ ಹಾಗಾಗಬಾರದು. ಯಾರಾದ್ರೂ ಮುಚ್ತೀರಾ?”

“ನನ್ನ ಪರದೆ. ನಾನೇ ಮುಚ್ತೀನಿ,” ಎಂದು ಬೆರಿಲ್ ಬಂದು ಮುಚ್ಚಿದಳು. ಮುಚ್ಚುವಾಗ ಗಂಡನ ಕಾಲನ್ನು ಒಮ್ಮೆ ತುಳಿದಳು.

“ಮಾತು ಇವರು ಹೇಳಿಯಾಗಿದೆ, ನನಗಿಂತ ಚೆನ್ನಾಗಿ,” ಎಂದು ಡಚೆಸ್ ಹಗ್ಗ ಹಿಡಿದರು. “ನಾನು ಎಳೆಯೋದಷ್ಟೇ.” ಎಳೆದರು. ಈ ಸಲ ಚಪ್ಪಾಳೆಗೆ ಚಾಪೆಲಿನ ಹಂಚು ಅದುರಿತು. ವಿಲ್ಫ್ ಓಗ್ಡನ್ ಒಂದೇ ಮಧ್ಯಾಹ್ನ ಎರಡು ಸಲ ಅನಾವರಣಗೊಂಡ. ಕೌಂಟಿಯಲ್ಲಿ ಇನ್ನಾರಿಗೂ ಆ ಭಾಗ್ಯ ಸಿಕ್ಕಿಲ್ಲ ಎಂದು ಊರು ಇವತ್ತಿಗೂ ಬೀಗುತ್ತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಸಿರಿಲ್ ತನ್ನ ಕಾಲಮೇಲೆ ನಡೆದು ಮನೆಗೆ ಹೋಗುತ್ತಿದ್ದ.

ಹಗ್ಗ ಬಿಟ್ಟ ಡಚೆಸ್ ಮೆಲ್ಲಗೆ ಒಂದು ಕಡೆ ವಾಲಿದರು. ಬಹಳ ಹೊತ್ತು ನಿಂತಿದ್ದರಲ್ಲ, ಮಂಡಿ ಕೈಕೊಟ್ಟಿತ್ತು. ಮೇಜರ್ ಧಾವಿಸುವಷ್ಟರಲ್ಲಿ ಅವರ ಕೈ ಪಕ್ಕದ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಕೋಲಿಗೆ ಸಿಕ್ಕಿತು. ಊರಿಕೊಂಡು ನಿಂತರು. ಎತ್ತರ ಅಳತೆ ಕೊಟ್ಟು ಮಾಡಿಸಿದಂತಿತ್ತು. (ಇರಲೇಬೇಕಲ್ಲ.) ಹಿಡಿಯನ್ನು ಕಣ್ಣ ಹತ್ತಿರ ತಂದು ನೋಡಿದರು.

“ಇದೇನಿದು, ನಲ್ಲಿ?”

“ವಿಲ್ಫ್ ಕೆತ್ತಿದ್ದು, ಅಮ್ಮಾವ್ರೇ,” ಎಂದ ಸಿರಿಲ್. ಹೆಸರು ಈಗ ಸುಲಭವಾಗಿ ಬರುತ್ತಿತ್ತು.

“ಎಂಥ ಕೈ! ನೋಡಿ, ಹನಿ ಬಿದ್ದೇಬಿಡುತ್ತೆ ಅನ್ಸುತ್ತೆ.” ಅವರು ನಾಲ್ಕು ಹೆಜ್ಜೆ ನಡೆದು ನೋಡಿದರು. ಮುಖದ ಮೇಲೆ ಏನೋ ಸಡಿಲವಾಯಿತು. “ಕೋಲು ಬೇಡ ಬೇಡ ಅಂತ ಹಠ ಮಾಡ್ಕೊಂಡೇ ಬಂದೆ. ಇಂಥದ್ದಾದ್ರೆ ಹಿಡಿಯೋಕೆ ನಾಚಿಕೆ ಇಲ್ಲ. ಇಲ್ಲಿ ಕೊಕ್ಕೆಯಲ್ಲಿರೋದೆಲ್ಲ ಎರವಲಿಗೆ ತಾನೇ? ನನಗೆ ಕೊಡ್ತೀರಾ?”

ಅದು ಯಾರ ಕೋಲೆಂದು ಡಚೆಸ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬೆರಿಲ್ “ಅದು...” ಎಂದು ಶುರುಮಾಡಿದಳು. ಹಿಲ್ಡಾ ಸಿರಿಲ್‌ನ ಮುಖ ನೋಡಿದಳು. ವಿಲ್ಫ್ ಅವನಿಗೆಂದು ಮಾಡಿಕೊಟ್ಟ ಕೊನೆಯ ವಸ್ತು. ಮನೆಯಲ್ಲಿ ಹಾಸಿಗೆಯ ತಲೆದೆಸೆಗೆ ಒರಗಿಸಿಕೊಂಡು ಮಲಗುತ್ತಿದ್ದ.

ಕೊಕ್ಕೆಯಲ್ಲಿ ನೇತಾಡುವುದನ್ನು ಕೇಳಿದವರಿಗೆ ಇಲ್ಲ ಅನ್ನಬಾರದು.

“ಕೊಡ್ತೀವಿ, ಅಮ್ಮಾವ್ರೇ,” ಎಂದ ಸಿರಿಲ್. “ಆದ್ರೆ ಚೀಟಿ ಕಟ್ಟಬೇಕು. ವಿಲ್ಫ್‌ನ ಕಾನೂನು.”

“ಕಟ್ಟಲೇಬೇಕು,” ಎಂದರು ಡಚೆಸ್, ಕೋಲನ್ನು ಮುಂದೆ ಚಾಚಿ.

ಸಿರಿಲ್ ಕಂದು ಬಣ್ಣದ ರಟ್ಟಿನ ಚೀಟಿ ತೆಗೆದುಕೊಂಡು, ಮೇಜರ್ ಕೊಟ್ಟ ಪೆನ್ನಿನಲ್ಲಿ ‘ಡಚೆಸ್, ಬಲ ಮಂಡಿ’ ಎಂದು ಬರೆದು, ನಲ್ಲಿಯ ಕತ್ತಿಗೆ ದಾರದಿಂದ ಬಿಗಿಯಾಗಿ ಕಟ್ಟಿದ. ಗಂಟು ಹಾಕುವಾಗ ಹೆಬ್ಬೆರಳು ಆ ಹನಿಯ ಮೇಲೆ ಒಂದು ಕ್ಷಣ ನಿಂತಿತು. ಅಷ್ಟೇ.

ಡಚೆಸ್ ಕೋಲೂರಿಕೊಂಡು, ಜನರ ಮುಂದೆಯೇ, ರಾಜಗಾಂಭೀರ್ಯದಿಂದ ಕಾರಿಗೆ ನಡೆದರು. ಚೀಟಿ ಗಾಳಿಗೆ ಪಟಪಟ ಹಾರುತ್ತಿತ್ತು. ಹತ್ತುವ ಮುನ್ನ ಮೇಜರ್ ಕಡೆ ತಿರುಗಿ, “ಮುಂದಿನ ವಾರ ನನಗೆ ಎರಡು ಫಲಕ, ಒಂದು ಸೇತುವೆ ಇದೆ. ಈ ಮಹಾಶಯರು ಬಿಡುವಾಗಿದ್ದಾರಾ ವಿಚಾರಿಸಿ” ಎಂದರು. ಕಾರು ಇಳಿಜಾರಿನಲ್ಲಿ ಮರೆಯಾಯಿತು. ಊರಿನವರು ಕೂಗಿದರು, ಹಾರೈಸಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಿರಿಲ್ ಬಾಗಿಲ ಕಂಬ ಹಿಡಿದು ನಿಂತಿದ್ದ. ಹೆಮ್ಮೆಯಿಂದ ನಿಂತಿದ್ದಾನೆ ಅಂದುಕೊಂಡರು ಎಲ್ಲರೂ. ಹೆಮ್ಮೆಯೂ ಇತ್ತು. ಆದರೆ ಕಂಬ ಬಿಟ್ಟರೆ ಅವನು ಬೀಳುತ್ತಿದ್ದ.

“ನಡಿ, ಹೋಗೋಣ,” ಎಂದಳು ಬೆರಿಲ್.

“ಹೇಗೆ ನಡೀಲಿ?”

ಬೆರಿಲ್ ಅವನ ಖಾಲಿ ಬಲಗೈಯನ್ನು ನೋಡಿದಳು. ಗೋಡೆಯ ಕೋಲುಗಳನ್ನು ನೋಡಿದಳು. ಎಲ್ಲವೂ ಮನುಷ್ಯರ ಎತ್ತರದವು. ಅವನ ಕಂಕುಳಿಗೆ ಬರುತ್ತಿದ್ದವು. ಹೋಗಿ ಒಂದು ಗಾಲಿಕುರ್ಚಿ ತಂದು, ಅವನನ್ನು ಅದರಲ್ಲಿ ಕೂರಿಸಿ, ಕೈಚೀಲವನ್ನು ಅವನ ಮಡಿಲಿಗೆ ಹಾಕಿದಳು.

“ನಿಲ್ಲಿ, ನಿಲ್ಲಿ,” ಎಂದು ಹಿಲ್ಡಾ ಓಡಿಬಂದಳು. ಅವಳ ಕೈಯಲ್ಲಿ ಚೀಟಿ. ಕುರ್ಚಿಯ ಹಿಡಿಗೆ ಕಟ್ಟಬೇಕಾದದ್ದನ್ನು ಸಿರಿಲ್‌ನ ಕೋಟಿನ ಗುಂಡಿಗೇ ಕಟ್ಟಿದಳು. ‘ಸಿರಿಲ್’ ಎಂದಿತ್ತು ಅದರಲ್ಲಿ, ‘ವಾಪಸು ಬೇಕು.’

ಬೆಟ್ಟದ ಬೀದಿಯಲ್ಲಿ ಬೆರಿಲ್ ಕುರ್ಚಿ ತಳ್ಳಿಕೊಂಡು ಇಳಿದಳು. ಸುದ್ದಿ ಅವರಿಗಿಂತ ಮುಂದೆ ಇಳಿದಿತ್ತು. ರೊಟ್ಟಿ ಅಂಗಡಿಯವಳು ಹೊರಗೆ ಬಂದು ಮಂಡಿ ಬಗ್ಗಿಸಿದಳು. ಮಾಂಸದಂಗಡಿಯವನು ಟೋಪಿ ತೆಗೆದ. “ಮಹಾಮಾನ್ಯರೇ, ನಮ್ಮ ಹಿತ್ತಲ ಕೋಳಿಗೂಡು ಉದ್ಘಾಟನೆ ಯಾವಾಗ?” ಎಂದು ಯಾರೋ ಕಿಟಕಿಯಿಂದ ಕೂಗಿದರು. ಸಿರಿಲ್ ತಲೆ ಸ್ವಲ್ಪ ವಾಲಿಸಿ ಮುಗುಳ್ನಕ್ಕ. ಅವನ ಬಲಗೈ ತಾನಾಗಿಯೇ ಮೇಲೆದ್ದು, ಮಣಿಕಟ್ಟಿನಿಂದ ಮೆಲ್ಲಗೆ ಬೀಸತೊಡಗಿತು.

“ಕೈ ಬೀಸೋದು ನಿಲ್ಸು,” ಎಂದಳು ಬೆರಿಲ್ ಹಲ್ಲು ಕಚ್ಚಿ. “ಇಲ್ಲಾಂದ್ರೆ ಇಲ್ಲೇ ಕೈಬಿಡ್ತೀನಿ. ನೇರವಾಗಿ ಹೊಳೆಗೆ.”

“ಜನ ನಿರೀಕ್ಷೆ ಮಾಡ್ತಾರೆ ಕಣೇ.”

ಆಮೇಲಿನ ವಾರಗಳಲ್ಲಿ ಆ ಕೋಲು ಎಲ್ಲೆಲ್ಲಿಗೋ ಹೋಯಿತು. ಬಡಪಾಯಿ ವಿಲ್ಫ್ ಬಸ್ಸಿನಲ್ಲಿ ಕೌಂಟಿಯ ಗಡಿ ದಾಟಿರಲಿಲ್ಲ. ಅವನ ಕೋಲು ಆಸ್ಪತ್ರೆಗಳಿಗೆ, ಬಂದರುಗಳಿಗೆ, ಒಂದು ಸಲ ಹಡಗಿನ ಮೇಲಕ್ಕೂ ಹೋಯಿತು. ಪತ್ರಿಕೆಯಲ್ಲಿ ಚಿತ್ರ ಬಂದಾಗಲೆಲ್ಲ ಸಿರಿಲ್ ಭೂತಗನ್ನಡಿ ತರುತ್ತಿದ್ದ. ಚೀಟಿ ಇನ್ನೂ ಇತ್ತು. ಅವನು ಬರೆದ ಅಕ್ಷರ ಕಾಣದಿದ್ದರೂ ಅವನು ಕಟ್ಟಿದ ಗಂಟು ಕಾಣುತ್ತಿತ್ತು. ಬೆರಿಲ್‌ಗೆ ತೋರಿಸುತ್ತಿದ್ದ, ಹಿಲ್ಡಾಗೆ ತೋರಿಸುತ್ತಿದ್ದ, ಗ್ಯಾಸಿನ ಮೀಟರು ನೋಡಲು ಬಂದವನಿಗೂ ತೋರಿಸುತ್ತಿದ್ದ. “ನೋಡು, ನೋಡು. ವಿಲ್ಫ್ ಕೆತ್ತಿದ ನಲ್ಲಿ. ದೇಶವೆಲ್ಲ ನೋಡ್ತಿದೆ!”

“ನೋಡ್ದೆ,” ಎಂದಳು ಬೆರಿಲ್ ಒಂದು ಸಂಜೆ. ಅವಳ ಹಿಂದೆ ಅಡುಗೆಮನೆಯಲ್ಲಿ ಟಪ್, ಟಪ್ ಎಂದು ಸದ್ದು ಬರುತ್ತಿತ್ತು. ಮೊಣಕಾಲು ಕಾಣಿಸುವ ಪರದೆಯಾಚೆ ಮಾರ್ಜರಿ ಇಣುಕುತ್ತಿದ್ದಳು. “ಬಸ್ ಓಡಿಸ್ತಿದ್ದವನು ಮಾಡಿದ ನಲ್ಲಿ. ಇಷ್ಟು ದಿನದಿಂದ ಒಂದು ಹನಿ ಬಿದ್ದಿಲ್ಲ, ನೋಡ್ಕೊ.”

ಮಹಾಮಾನ್ಯರು ಭೂತಗನ್ನಡಿ ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ಸ್ಪ್ಯಾನರ್ ಹುಡುಕಲು ಹೋದರು.